ಹಳದಿ ಬಳಿಯುವವಳು

ಗ್ದಿನಿಯಾದ ಹಡಗುಕಟ್ಟೆಯಲ್ಲಿ ಅಪ್ಪ
ಮೂವತ್ತು ವರ್ಷ ಕಬ್ಬಿಣಕ್ಕೆ ಬಣ್ಣ ಬಳಿದ.
ನಾನು ಇಲ್ಲದ ಬಂಡೆಗೆ ಬಳಿಯುತ್ತೇನೆ, ಹಳದಿ:
ಇಲ್ಲಿ ಹಿಡಿ, ಇಲ್ಲಿ ಹತ್ತು,
ಸತ್ತರೆ ಐದು ಹೆಜ್ಜೆ ಹಿಂದೆ ಮತ್ತೆ ಹುಟ್ಟುತ್ತೀ.

ದಾರಿಯಲ್ಲಿ ಮದ್ದಿನ ಪೆಟ್ಟಿಗೆ ಸಾಲಾಗಿ ಕಂಡಿತೋ,
ಮುಂದಿನ ಬಾಗಿಲ ಹಿಂದೆ ದೈತ್ಯ ಕಾದಿದ್ದಾನೆ.
ಪೀಪಾಯಿ ಕೆಂಪಗಿದ್ದರೆ ಸಿಡಿಯಲೇಬೇಕು.
ಯಾರೂ ಬರೆದಿಡದ ಶಾಸ್ತ್ರ, ಎಲ್ಲರಿಗೂ ಬಾಯಿಪಾಠ.

ಬುಧವಾರ ಆಡಿ ನೋಡಲು ಬಂದ ಟಿಮೊನ್,
ಒಂಬತ್ತರ ಪೋರ, ಮುಂಗೈಗೆ ಪ್ಲಾಸ್ಟರು,
ಹಳದಿಯ ಕಡೆ ತಿರುಗಲೇ ಇಲ್ಲ.
ನೇರ ಕಡಲಿಗೆ ಓಡಿದ.
ಕಾಣದ ಗೋಡೆಗೆ ಢಿಕ್ಕಿ, ಬಿದ್ದ, ಎದ್ದ, ಹಾರಿದ,
ನಲವತ್ತು ನಿಮಿಷ.
ಆಮೇಲೆ ಸುಮ್ಮನೆ ನಿಂತ.

‘ಅಲ್ಲೇನೂ ಇಲ್ಲ ಮರಿ, ನೀರು ಬರೀ ಚಿತ್ರ.’
‘ಗೊತ್ತು,’ ಅಂದ. ‘ನೋಡ್ತಾ ಇದೀನಿ.’

ವರದಿಯಲ್ಲಿ ಬರೆದೆ: ಆಟಗಾರ ದಾರಿ ತಪ್ಪಿದ.
ಅಳಿಸಿದೆ.
ಗೋಡೆ ಕೆಡವುವಂತಿಲ್ಲ, ಅದರಾಚೆ
ನಾವು ಲೋಕವನ್ನೇ ಮಾಡಿಲ್ಲ.

ಕೊನೆಯ ಟ್ರಾಲಿಬಸ್ಸು ತಪ್ಪುವ ಮುನ್ನ
ಗೋಡೆಯ ಈಚೆ ಒಂದು ಬೆಂಚು ಇಟ್ಟೆ.
ಕೂತರೆ ಅಂಕವಿಲ್ಲ, ನಾಣ್ಯವಿಲ್ಲ, ಜೀವವೂ ಹೆಚ್ಚುವುದಿಲ್ಲ.
ಹಳದಿ ಡಬ್ಬಿ ಪಕ್ಕದಲ್ಲೇ ಇತ್ತು.
ಮುಟ್ಟಲಿಲ್ಲ.