ಉದ್ದಕ್ಕೆ ಓದಿದಾಗ

ಎಂಟು ವರ್ಷ ಹಾಜರಿ ಪುಸ್ತಕವನ್ನು
ಅಡ್ಡಕ್ಕೇ ಓದಿದೆ:
ಹುಲಿಗೆಮ್ಮ, ಗೈರು. ಖಾಜಾಬಿ, ಗೈರು.
ಬೈದೆ. ತಾಯಂದಿರನ್ನು ಕರೆಸಿ ಮತ್ತೂ ಬೈದೆ.

ಇವತ್ತು ಕರೆಂಟು ಹೋಗಿ,
ಕಾರಟಗಿ ಬಸ್ಸು ತಡವಾಗಿ,
ಹೆಡ್‌ಮೇಡಂ ಕುರ್ಚಿಯಲ್ಲಿ ಸುಮ್ಮನೆ ಕೂತವಳು
ಸ್ಕೇಲು ಹಿಡಿದು ಉದ್ದಕ್ಕೆ ಓದಿದೆ.

ನಾಲ್ಕು ದಿನಕ್ಕೊಮ್ಮೆ
ಕೆಂಪು ಶಾಯಿ ಬಾವಿಹಗ್ಗದ ಹಾಗೆ
ಸೀದಾ ಕೆಳಗಿಳಿದಿತ್ತು,
ಬರೀ ಹುಡುಗಿಯರ ಹೆಸರು ಹಿಡಿದು.

ಈ ಕ್ಯಾಂಪಿಗೆ ನಳ ಬರುವುದೂ
ನಾಲ್ಕು ದಿನಕ್ಕೊಮ್ಮೆಯೇ, ಒಂಬತ್ತೂವರೆಗೆ.
ಗೊತ್ತಿತ್ತು ನನಗೆ.
ಶಾಲೆಯ ತೊಟ್ಟಿ ತುಂಬುವುದೂ ಅವತ್ತೇ.

ಇಲಾಖೆಯ ನಮೂನೆಯಲ್ಲಿ ಗೈರಿಗೆ ಕಾರಣ ಮೂರು:
ಅನಾರೋಗ್ಯ, ವಲಸೆ, ಇತರೆ.
ಇತರೆಯ ಪಕ್ಕ ಪೆನ್ಸಿಲ್ಲಿನಲ್ಲಿ
'ಕೊಡ' ಎಂದು ಬರೆದೆ.
ಕೆಳಗೆ, ಸುಧಾರಣಾ ಯೋಜನೆ, ಒಂದೇ ಸಾಲು:
ನಳದ ದಿನ ಓದುವ ಪಾಠ ಊಟದ ನಂತರ,
ಆಟ ಬೆಳಿಗ್ಗೆ.

ನನಗೇ ಮೆಚ್ಚಿಗೆಯಾಗಿ
ಶೇಕ್ಷಾವಲಿ ಮೇಷ್ಟ್ರಿಗೆ ತೋರಿಸಿದೆ.
ಚೀಲ ಹೆಗಲಿಗೇರಿಸುತ್ತ ಅಂದರು:
"ಹಂಗಾರ ಹುಡುಗೇರು ಯಾವಾಗ ಆಡಬೇಕ್ರಿ ಮೇಡಂ?"

ರಬ್ಬರು ಹುಡುಕುತ್ತಿದ್ದೇನೆ.
ರಸ್ತೆಯಲ್ಲಿ ಬಸ್ಸು
ಹಾರ್ನ್ ಹೊಡೆಯುತ್ತಲೇ ಇದೆ.