ಮೂರನೆಯ ಕಂಬ

ಜುಲೈ ಮುಗಿಯುತ್ತಲೇ ವರ್ಲಿನ್ ಪೇಟೆಗೆ ಹೋಗಿ
ಸೀಡರ್ ಕಂಬ ಆರು, ಮುಳ್ಳುತಂತಿ ಒಂದು ಸುರುಳಿ,
ಒಂದು ಡಬ್ಬಿ ಮೊಳೆ ತಂದು
ಕೊಟ್ಟಿಗೆಯ ಗೋಡೆಗೆ ಒರಗಿಸಿಡುತ್ತಾನೆ.
ಬೇಲಿ ಇನ್ನೂ ಮುರಿದಿಲ್ಲ.
ಮುರಿಯುತ್ತದೆ.

ನಮ್ಮ ಹುಲ್ಲುಗಾವಲಿನ ಮೂಲೆಯಲ್ಲಿ ರಸ್ತೆ
ಮೊಣಕೈಯ ಹಾಗೆ ಮಡಚಿಕೊಂಡಿದೆ.
ನಕ್ಷೆಯಲ್ಲಿ ಅದಕ್ಕೊಂದು ನಂಬರು.
ನಮಗೆ ಅದು ಬರೀ ‘ಅಲ್ಲಿ’.

ಮೊದಲು ಬರುವುದು ಸದ್ದು, ನೆಲದ ಕೆಳಗಿನಿಂದ.
ಕಪಾಟಿನೊಳಗೆ ಬಟ್ಟಲು ಬಟ್ಟಲಿಗೆ ಚಾಡಿ ಹೇಳುತ್ತದೆ.
ಆಮೇಲೆ ಅವರು: ಎರಡೆರಡು ಸಾಲು, ಮುಗಿಯದ ಸಾಲು,
ಡಕೋಟಾದ ಬಿಸಿಲನ್ನೆಲ್ಲ ಟ್ಯಾಂಕಿನ ಮೇಲೆ ಹೊತ್ತು.
ಹಸುಗಳು ಮೂರು ದಿನ ತಲೆಯೆತ್ತಿ ನೋಡುತ್ತವೆ,
ನಾಲ್ಕನೆಯ ದಿನ ಮೇಯುತ್ತವೆ.
ನಾನೂ ಅಷ್ಟೆ.

ಸುಳ್ಳೇಕೆ, ಚಂದವೇ ಕಾಣುತ್ತಾರೆ.
ಬಿಳಿಗಡ್ಡ ಎರಡು ಹೋಳಾಗಿ ಹೆಗಲ ಮೇಲೆ ಹಾರುತ್ತಿರುತ್ತದೆ,
ಹಿಂದೆ ಕೂತವಳು ನನ್ನ ವಯಸ್ಸಿನವಳು,
ಕೈಯೆತ್ತಿ ಬೀಸುತ್ತಾಳೆ, ನಾನೂ ಬೀಸುತ್ತೇನೆ,
ಒದ್ದೆ ಬಟ್ಟೆ ಕೈಯಲ್ಲೇ ಇರುತ್ತದೆ.

ಬೆಳಿಗ್ಗೆ ಏಳಕ್ಕೆ ರೇಡಿಯೊ:
ಗೋಧಿಯ ದರ, ಕರುಗಳ ದರ,
ಆಮೇಲೆ ಆ ಲೆಕ್ಕ.
ಹೋದ ವರ್ಷ ಈ ಹೊತ್ತಿಗೆ ಐದು, ಈ ವರ್ಷ ನಾಲ್ಕು.
ಓದುವವನ ದನಿಯಲ್ಲಿ, ಪರವಾಗಿಲ್ಲ, ಬೆಳೆ ಚೆನ್ನಾಗಿದೆ ಎನ್ನುವ ಧಾಟಿ.
ಅವತ್ತು ಸಂಜೆ ನಮ್ಮ ಮೂಲೆಯಿಂದ
ಲೆಕ್ಕ ಸರಿಸಮವಾಯಿತು.

ಜಿಂಕೆ ಅಡ್ಡ ಬಂದಿರಲಿಲ್ಲ. ಕುಡಿದಿರಲಿಲ್ಲ.
ತಿರುವಿನಲ್ಲಿ ಒಂದು ಹಿಡಿ ಜಲ್ಲಿ,
ನಮ್ಮದೇ ಟ್ರ್ಯಾಕ್ಟರಿನ ಗಾಲಿಗೆ ಅಂಟಿ ಬಂದದ್ದೋ ಏನೋ.
ಇದನ್ನು ನಾವಿಬ್ಬರೂ ಬಾಯಿಬಿಟ್ಟು ಆಡಿಲ್ಲ.

ಆಂಬುಲೆನ್ಸ್ ಬರಲು ನಲವತ್ತು ನಿಮಿಷ.
ವರ್ಲಿನ್ ಅವನ ಪಕ್ಕ ಕೂತಿದ್ದ,
ತನ್ನ ಟೋಪಿಯನ್ನು ಅವನ ಮುಖಕ್ಕೆ ನೆರಳು ಹಿಡಿದು,
ಹೊತ್ತು ಮುಳುಗಿದ ಮೇಲೂ ಹಿಡಿದೇ ಇದ್ದ.

ಮರುವರ್ಷ ಜೂನಿನಲ್ಲಿ ಒಂದು ಹಳೆಯ ಕಾರು ಬಂತು.
ಇಳಿದವಳು ಡಾರ್ಲಾ, ಅಯೋವಾದಿಂದ.
ತಂದಿದ್ದು ಹೂವಲ್ಲ, ಒಂದು ಡಬ್ಬಿ ಬಿಸ್ಕತ್ತು,
ನಮಗೇ, ತೊಂದರೆ ಕೊಟ್ಟದ್ದಕ್ಕೆ.
‘ರಾಯ್ಸ್ ಹಲ್ಲಿನ ಸೆಟ್ ಮಾಡುತ್ತಿದ್ದ’ ಅಂದಳು.
‘ನಮ್ಮೂರ ಮುದುಕರರ್ಧ
ಇವತ್ತಿಗೂ ಅವನ ಹಲ್ಲಲ್ಲೇ ರೊಟ್ಟಿ ಅಗಿಯುತ್ತಾರೆ.’
ನಗು ಬಂತು ನನಗೆ. ಅವಳಿಗೂ ಬಂತು.
ಆಮೇಲೆ ಕೇಳಿದಳು: ‘ಯಾವ ಕಂಬ?’

ಆ ಕಂಬ ಎಲ್ಲಿದೆ, ತಾಯಿ.
ಸೀಳಿ ಬಿದ್ದದ್ದನ್ನು ಚಳಿಗಾಲಕ್ಕೆ ಸೌದೆ ಮಾಡಿದ್ದೆವು.
ಜನವರಿಯಲ್ಲಿ ಒಂದು ರಾತ್ರಿ
ಉಗುಳಿದರೆ ನೆಲ ಮುಟ್ಟುವ ಮೊದಲೇ ಮಂಜುಗಡ್ಡೆ,
ಅಂಥದರಲ್ಲಿ ಹುಟ್ಟಿದ ಕರುವನ್ನು
ಅಡುಗೆಮನೆಯ ಒಲೆಯೆದುರು ಮಲಗಿಸಿ
ಕೈಗೆ ಸಿಕ್ಕಿದ್ದನ್ನೆಲ್ಲ ಉರಿಸಿದ್ದೆವು.
ಕರು ಬದುಕಿತು.

ಇದನ್ನು ಯಾವ ಬಾಯಲ್ಲಿ ಹೇಳುವುದು?
ನಾನು ವರ್ಲಿನ್‌ನ ಮುಖ ನೋಡಿದೆ.
ಚರ್ಚಿನಲ್ಲಿ ಪಾದ್ರಿಯ ಲೆಕ್ಕ ತಪ್ಪಿದರೂ ಎದ್ದು ಹೇಳುವ ಮನುಷ್ಯ
ಕೈಚಾಚಿ ತೋರಿಸಿದ: ‘ಅದೇ, ಮೂರನೆಯದು.’

ಹತ್ತು ತಿಂಗಳ ಹೊಸ ಕಂಬ.
ಅವಳು ಬೆನ್ನು ನಮ್ಮ ಕಡೆಗಿಟ್ಟು ನಿಂತಳು,
ಅಂಗೈ ಒತ್ತಿದಳು, ಹಣೆ ತಾಗಿಸಿದಳು.
ಮುಳ್ಳುತಂತಿ ಅವಳ ತೋಳು ಹಿಡಿದೆಳೆಯಿತು,
ಬಿಡಿಸಿಕೊಳ್ಳಲಿಲ್ಲ.
‘ಇನ್ನೂ ಮರದ ವಾಸನೆಯಿದೆ’ ಅಂದಳು.
‘ಸೀಡರ್ ಅಲ್ಲವೇ’ ಅಂದ ವರ್ಲಿನ್, ಬೂಟು ನೋಡುತ್ತ.
ಬೇಲಿಯಾಚೆ ಆ ಕರು, ಈಗ ಕರುವೇನಲ್ಲ,
ಬಂದು ಅವಳ ತೋಳನ್ನು ಮೂಸಿ ಹೋಯಿತು.

ಬಿಸ್ಕತ್ತು ಒಂದು ವಾರ ಮೇಜಿನ ಮೇಲಿತ್ತು.
ಒಂದು ರಾತ್ರಿ ನಾನೊಂದು ತಿಂದೆ, ನಿಂತುಕೊಂಡೇ.
ಶುಂಠಿ ಹಾಕಿದ್ದಳು.

ಈಗ ಪ್ರತಿ ಅಕ್ಟೋಬರಿನಲ್ಲಿ ತಂತಿ ಬಿಗಿಯುತ್ತ ಹೋಗುವಾಗ
ಮೂರನೆಯ ಕಂಬದ ಹತ್ತಿರ ವರ್ಲಿನ್
ಕೈಗವಸು ತೆಗೆಯುತ್ತಾನೆ.
ಕೇಳಿದರೆ ಸೆಖೆ ಅನ್ನುತ್ತಾನೆ,
ಗಾಳಿ ಅವನ ಟೋಪಿ ಹಾರಿಸುತ್ತಿರುತ್ತದೆ.