ಮೊಣಕೈ ಕುಳಿ

ಕೋಟೆ ಅನ್ನುತ್ತಾರೆ. ಕೋಟೆಯಲ್ಲ, ಮನೆ.
ಅಡುಗೆಕೋಣೆಗೂ ಬಂದೂಕಿನ ಕಂಡಿಯಿರುವ ಮನೆ.
ಅಘನಾಶಿನಿ ಕಡಲಿಗೆ ತಿರುಗುವ ಮೂಲೆಯಲ್ಲಿ
ಎತ್ತು ಅಡ್ಡ ಮಲಗುವಷ್ಟು ದಪ್ಪ ಚಿರೆಕಲ್ಲ ಗೋಡೆ,
ಬೆಳಚಿನ ಚಿಪ್ಪು ಸುಟ್ಟ ಸುಣ್ಣ.
ಬಾಗಿಲೋ, ದುಗ್ಗಪ್ಪ ನಾಯಕನ ಮದುಮಗಳೂ
ತಲೆ ತಗ್ಗಿಸಿಯೇ ಒಳಬಂದದ್ದು.

ನಾವು ಪಡುವಣ ಕಂಡಿಯವರು.
ಊರಲ್ಲಿ ಈಗಲೂ ಹಾಗೇ ಕರೆಯುತ್ತಾರೆ:
ಕಂಡಿ ಹಮ್ಮು, ಕಂಡಿ ಬೊಮ್ಮಿ, ಕಂಡಿ ಬೊಮ್ಮಿಯ ಮಗ.
ಕೆಲಸ ಇಷ್ಟೇ, ಕೂತು ಕಡಲು ನೋಡುವುದು,
ಗುರುತಿಲ್ಲದ ಹಾಯಿ ಕಂಡರೆ ಜಾಗಟೆ ಬಡಿಯುವುದು.
ಸಂಬಳ ವರುಷಕ್ಕೆ ಆರು ಮುಡಿ ಕಗ್ಗದಕ್ಕಿ,
ಆಯುಧಪೂಜೆಗೊಂದು ಪಂಜಿ.

ಒಂಬತ್ತು ತಲೆಮಾರು ನೋಡಿದೆವು.
ಮಚವೆಗಳು ಬಂದವು, ಮೆಣಸು ಹೇರಿಕೊಂಡು ಹೋದವು.
ಕುದುರೆ ತಂದ ಹಡಗೊಂದು ದಾರಿ ತಪ್ಪಿ ಉಸುಕಿಗೆ ಕೂತು
ಮೂರು ರಾತ್ರಿ ಕೆನೆತ ಕೇಳಿಸಿತಂತೆ.
ವೈರಿ ಮಾತ್ರ ಬರಲಿಲ್ಲ.
ತೋಪು ಹಾರಿಸಿದ್ದು ಒಂದೇ ಸಲ, ಅದೂ ಮದುವೆಗೆ.
ಗುಂಡು ಹೋಗಿ ಗಜನಿಯಲ್ಲಿ ಮೇಯುತ್ತಿದ್ದ
ಪರ್ಸು ಗೌಡನ ಎಮ್ಮೆಗೆ ತಾಗಿ
ದಂಡ ಕಟ್ಟಿದ ಲೆಕ್ಕ ಓಲೆಯಲ್ಲಿತ್ತಂತೆ.
ಈ ಮನೆಯ ಯುದ್ಧಚರಿತ್ರೆ ಅಷ್ಟು.

ಆಮೇಲೆ ಬಂದವರು ಬೆನ್ನ ಕಡೆಯಿಂದ ಬಂದರು,
ಘಟ್ಟ ಇಳಿದು, ಎತ್ತಿನ ಗಾಡಿಯಲ್ಲಿ,
ಸರಪಳಿ ಹಿಡಿದು ಅಳೆಯುತ್ತ.
ಮೂಡಣ ಗೋಡೆಗೆ ಕಂಡಿಯೇ ಇರಲಿಲ್ಲ.
ಹೆಬ್ಬಾಗಿಲು ತೆಗೆದು ಎಳನೀರು ಕೊಚ್ಚಿಕೊಟ್ಟವನು
ನಮ್ಮವನೇ ಒಬ್ಬ.
ಇನ್ನೊಬ್ಬ ಅವತ್ತೂ ಕಂಡಿಯಲ್ಲಿದ್ದ, ಕಡಲು ನೋಡುತ್ತ.
ಜಾಗಟೆ ಬಡಿಯಲಿಲ್ಲ. ಹಾಯಿ ಎಲ್ಲಿತ್ತು?

ಮಾಡು ಕುಸಿಯಿತು. ಕಲ್ಲುಗಳು ಒಂದೊಂದೇ ನಡೆದವು,
ಗಜನಿಯ ಒಡ್ಡಿಗೆ, ಶಾಲೆಯ ಮೆಟ್ಟಿಲಿಗೆ,
ನಮ್ಮ ಬಚ್ಚಲಿಗೂ ಎರಡು, ಸುಳ್ಳೇಕೆ.

ಇಲಾಖೆಯ ಹಲಗೆಯಲ್ಲಿ ನಾಯಕನ ಹೆಸರಿದೆ,
ಇಸವಿಯ ಕೊನೆಯ ಅಂಕೆ ತುಕ್ಕು ತಿಂದಿದೆ,
‘ಶತ್ರುಗಳಿಂದ ರಕ್ಷಣೆಗಾಗಿ’ ಅಂತಿದೆ.
ಓದಿದವರು ಕೇಳುತ್ತಾರೆ, ಯಾವ ಶತ್ರು ಮಾರಾಯ?
ನಾನು ದಿನಗೂಲಿ ಕಾವಲುಗಾರ.
ಸೀಟಿ ಕೊಟ್ಟಿದ್ದಾರೆ.

ಕಂಡಿಯ ಕೆಳಗಲ್ಲಿನಲ್ಲಿ ಎರಡು ಕುಳಿ,
ಬಟ್ಟಲಷ್ಟು, ನುಣ್ಣಗೆ, ಊರಿ ಊರಿ ಸವೆದದ್ದು.
ಎಡಗಡೆಯದು ಹೆಚ್ಚು ಆಳ:
ಎಲ್ಲರೂ ಎಡಗೈಗೇ ಗಲ್ಲ ಕೊಟ್ಟವರು.
ನಾನೂ ಊರಿ ನೋಡಿದೆ. ಸರಿಯಾಗಿ ಕೂರುತ್ತದೆ,
ಅದೇ ಸ್ವಲ್ಪ ಹೆದರಿಕೆ.

ಉಬ್ಬರ ಏರತೊಡಗಿದೆ.
ತದಡಿಯ ಬೋಟುಗಳು ಒಂದೊಂದೇ ಅಳಿವೆಗೆ ಬರುತ್ತಿವೆ.
ಹದಿನೇಳರ ತನಕ ಎಣಿಸಿದೆ, ಎಲ್ಲ ಗುರುತಿನವೇ.
ಹದಿನೆಂಟನೆಯದರ ಬಣ್ಣ
ಇನ್ನೂ ಕಾಣುತ್ತಿಲ್ಲ.